ಶನಿವಾರದ ಮನೆ

ನಮ್ಮ ಮನೆಯ ಮುಂದೆ ನಿಂತು ಫೋಟೋ ಹೊಡೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಗೋವೆಗೆ ಹೋಗುವ ದಾರಿಯಲ್ಲಿ ಕಾರವಾರದಲ್ಲಿ ಇಳಿಯುತ್ತಾರೆ, ಮೀನೂಟ ಮಾಡುತ್ತಾರೆ, ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಬೈತಖೋಲದ ಕಡೆಯ ಈ ಓಣಿಗೆ ಬಂದು ಕತ್ತೆತ್ತಿ ನೋಡುತ್ತಾರೆ. “ಎಷ್ಟು ಹಳೇದು ಇದು?” ಎಂದು ಕೇಳುತ್ತಾರೆ. ನನಗೇನು ಗೊತ್ತು? ಕಟ್ಟುವಾಗ ನಾನು ಕಲ್ಲು ಹೊತ್ತಿದ್ದೆನೇ?

ಹಳೆಯದು ಎನ್ನುವುದಂತೂ ನಿಜ. ಅಡಿಪಾಯ ಕರಿಕಲ್ಲಿನದು, ಮೇಲಿನದು ಚಿರೆಕಲ್ಲು. ಗೋಡೆಯ ದಪ್ಪ ಎಷ್ಟೆಂದರೆ ಕಿಟಕಿಯ ಗೂಡಿನಲ್ಲಿ ನಾನು ಚಿಕ್ಕವಳಿದ್ದಾಗ ಕಾಲು ಚಾಚಿ ಮಲಗುತ್ತಿದ್ದೆ. ಬೀದಿಯ ಕಡೆಗೆ ಕಮಾನಿನ ಒಂದು ಬಾಗಿಲು, ಅದಕ್ಕೆ ಕಲ್ಲಿನದೇ ದಾರಂದ, ಎಂದರೆ ಚೌಕಟ್ಟು. ಕೆಳಗೆ ಗಾಣದ ಕೋಣೆ, ಮೇಲೆ ವಾಸದ ಕೋಣೆಗಳು, ಮನೆಯೊಳಗೇ ಬಾವಿ. ಧಾರವಾಡದಿಂದ ಬಂದ ಒಬ್ಬ ಮೇಷ್ಟ್ರು ಕಮಾನನ್ನು ಬೆರಳಿನಿಂದ ಬಡಿದು ನೋಡಿ, ಇದು ಅರಬರು ಹಡಗಿನಲ್ಲಿ ಕುದುರೆ ತಂದು ಇಳಿಸುತ್ತಿದ್ದ ಕಾಲದ್ದು, ಸದಾಶಿವಗಡದ ಕೋಟೆಗಿಂತ ಹಿಂದಿನದು ಎಂದಿದ್ದರು. ಇನ್ನೊಬ್ಬರು ಬಂದು, ಛೇ, ಅಷ್ಟೆಲ್ಲ ಇಲ್ಲ ಎಂದರು. ಇಬ್ಬರೂ ಚಾ ಕುಡಿದು ಹೋದರು.

ಊರಿನವರು ಇದನ್ನು ಶನಿವಾರದ ಮನೆ ಎನ್ನುತ್ತಾರೆ. ಈ ಮನೆಯ ಒಡೆಯರು ಯೆಹೂದಿಗಳು. ಅವರ ಹಿರಿಯರು ಕೊಂಕಣದ ಕಡೆಯಿಂದ ಬಂದು ಮನೆಯನ್ನು ಯಾರೋ ವ್ಯಾಪಾರಿಯಿಂದ ಕೊಂಡರಂತೆ. ಕೊಬ್ಬರಿ ಎಣ್ಣೆ ತೆಗೆಯುವುದು ಕಸುಬು. ಊರಿನ ಬೇರೆ ಗಾಣಗಳೆಲ್ಲ ಸೋಮವಾರ ಎತ್ತಿಗೆ ರಜೆ ಕೊಟ್ಟರೆ ಇವರ ಗಾಣ ಶನಿವಾರ ನಿಲ್ಲುತ್ತಿತ್ತು. ಎಣ್ಣೆಗೆ ಬಂದವರು ಶನಿವಾರ ಬಾಗಿಲು ಬಡಿದು ಬಡಿದು ಬೈದುಕೊಂಡು ಹೋಗಿ, ಕೊನೆಗೆ ಮನೆಗೇ ಆ ಹೆಸರಿಟ್ಟರು. ಯೆಹೂದಿ ಎಂಬ ಶಬ್ದ ಓಣಿಯಲ್ಲಿ ಹತ್ತು ಜನಕ್ಕೂ ಗೊತ್ತಿರಲಿಲ್ಲ. ಇವರ ಹೆಣ್ಣುಮಕ್ಕಳು ಸೀರೆ ಉಡುತ್ತಿದ್ದರು, ಮನೆಯಲ್ಲಿ ಮರಾಠಿ, ಹೊರಗೆ ಕೊಂಕಣಿ ಮತ್ತು ಕನ್ನಡ. ಅಡ್ಡಹೆಸರು ಕೂಡ ನಮ್ಮ ಕಡೆಯವರ ಹಾಗೆ, ಯಾವುದೋ ಊರಿನ ಹೆಸರಿಗೆ ‘ಕರ್’ ಹಚ್ಚಿದ್ದು. ನೋಡಿ ಗುರುತು ಹಿಡಿಯುವ ಹಾಗೇ ಇರಲಿಲ್ಲ.

ನನ್ನ ಅಪ್ಪ ಬೈತಖೋಲ ಬಂದರದಲ್ಲಿ ಮೂಟೆ ಹೊರುತ್ತಿದ್ದ. ಅಮ್ಮ ಹಿಲ್ಲೂರಿನವಳು, ಕಾಡಿನ ಊರಿನಿಂದ ಮದುವೆಯಾಗಿ ಬಂದು ಸಮುದ್ರ ಕಂಡು ಹೆದರಿದವಳು. ಗಾಣ ನಿಂತುಹೋದ ಮೇಲೆ ಎತ್ತು ಸುತ್ತುತ್ತಿದ್ದ ಕೋಣೆಯನ್ನು ನಮಗೆ ಇರಲು ಕೊಟ್ಟರು. ಬಾಡಿಗೆ ಇಲ್ಲ. ಬದಲಿಗೆ ಶನಿವಾರದ ಕೆಲಸ ಅಮ್ಮನದು. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ಹೊತ್ತು ಮುಳುಗುವವರೆಗೆ ಅವರು ಬೆಂಕಿ ಹೊತ್ತಿಸುವ ಹಾಗಿಲ್ಲ. ಅಷ್ಟೇ ಆಗಿದ್ದರೆ ಸುಲಭವಿತ್ತು. ಹೊತ್ತಿಸಿಕೊಡು ಎಂದು ಇನ್ನೊಬ್ಬರಿಗೆ ಹೇಳುವ ಹಾಗೂ ಇಲ್ಲ! ನಾವೇ ತಿಳಿದು ಮಾಡಬೇಕು.

ಆಗ ಮನೆಯಲ್ಲಿದ್ದವರು ಒಬ್ಬ ಅಣ್ಣ, ಒಬ್ಬ ತಂಗಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಉಳಿದ ಬಳಗವೆಲ್ಲ ಮುಂಬಯಿಗೆ, ಅಲ್ಲಿಂದ ಇಸ್ರೇಲಿಗೆ ಹೋಗಿಯಾಗಿತ್ತು. ಆ ತಂಗಿಯನ್ನು ನಾವು ಮಾವಶಿ ಎನ್ನುತ್ತಿದ್ದೆವು. ಮಾವಶಿ ಎಂದರೆ ತಾಯಿಯ ತಂಗಿ. ಶನಿವಾರ ಬೆಳಿಗ್ಗೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಹೋಗಿ, ಅವರ ಅಡುಗೆಮನೆಯಲ್ಲಿ ಸ್ಟೋವ್ ಹಚ್ಚಿ ಗಟ್ಟಿಯಾಗಿ ಹೇಳುತ್ತಿದ್ದಳು:

“ನಂಗೆ ಎಂತಕೋ ಚಾ ಕುಡೂಕೆ ಮನಸಾತು. ನಮ್ಮನೆ ಚಿಮಣಿ ಎಣ್ಣೆ ಮುಗ್ದೋಯ್ತು ಮಾರಾಯ್ತಿ.”

“ಅಗೋ, ಕುಡಿ ಕುಡಿ,” ಎನ್ನುತ್ತಿದ್ದಳು ಮಾವಶಿ. “ಜಾಸ್ತಿ ಆದ್ರೆ ನಂಗೊಂದು ಅರ್ಧ ಕಪ್ಪು.”

ಪ್ರತಿ ಶನಿವಾರ ಇದೇ ನಾಟಕ. ಇಬ್ಬರೂ ಒಮ್ಮೆಯೂ ನಗುತ್ತಿರಲಿಲ್ಲ. ನನಗೆ ಹತ್ತು ವರ್ಷವಾದಾಗ ಅಮ್ಮ ಗದ್ದೆ ನಾಟಿಗೆ ಹೋಗುವ ದಿನಗಳಲ್ಲಿ ಈ ಕೆಲಸ ನನ್ನ ಮೇಲೆ ಬಿತ್ತು. ನಾನು ಹೋಗಿ, “ಮಾವಶಿ, ನಿಮಗೆ ಚಾ ಮಾಡ್ಲಾ?” ಎಂದು ಕೇಳಿಬಿಟ್ಟೆ. ಅವಳು ಮುಖ ತಿರುಗಿಸಿ ಕೂತಳು. ಇಡೀ ದಿನ ಚಾ ಇಲ್ಲದೆ ತಲೆನೋವಿನಲ್ಲಿ ಮಲಗಿದಳು, ಹೂಂ ಎನ್ನಲಿಲ್ಲ. ಸಂಜೆ ಅಮ್ಮ ನನ್ನ ಬೆನ್ನಿಗೆ ನಾಲ್ಕು ಬಾರಿಸಿದಳು. “ಕೇಳೂಕಾಗ ಅಂತ ಎಷ್ಟು ಸಲ ಹೇಳೂದು ನಿಂಗೆ? ಅವರು ಹೂಂ ಅಂದ್ರೆ ಅವರ ದೇವರ ಮುಂದೆ ಅವರೇ ಹೊಣೆ. ನಾವು ತಿಳ್ಕಂಡು ಮಾಡಿದ್ರೆ ಯಾರಿಗೂ ಪಾಪ ಇಲ್ಲ.” ಅಂದಿನಿಂದ ನಾನೂ ಕಲಿತೆ. ಕೇಳದೆ, ಹೇಳಿಸಿಕೊಳ್ಳದೆ, ಅವಳ ಪರವಾಗಿ ನಾನೇ ನಿರ್ಧಾರ ಮಾಡುವುದು ನನಗೆ ರೂಢಿಯಾಯಿತು.

ಅವಳ ಕಟ್ಟುಪಾಡುಗಳು ಒಂದೆರಡಲ್ಲ. ಕಾರವಾರದಲ್ಲಿದ್ದುಕೊಂಡು ಸಿಗಡಿ ತಿನ್ನುವುದಿಲ್ಲ, ಏಡಿ ತಿನ್ನುವುದಿಲ್ಲ, ಮೈಮೇಲೆ ಹುರುಪೆ ಇರುವ ಮೀನೇ ಆಗಬೇಕು. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಓಣಿಯವರೆಲ್ಲ ಮೂಡಣಕ್ಕೆ ಕೈಮುಗಿದರೆ ಇವಳು ಪಡುವಣಕ್ಕೆ, ಸಮುದ್ರದ ಕಡೆಗೆ ನಿಂತು ಪ್ರಾರ್ಥನೆ ಮಾಡುವುದು. ಅವರ ದೇವರೂರು ಆ ಕಡೆಗಂತೆ. ಏನಾದರೂ ಹರಕೆ ತೀರಿದರೆ ಅವಲಕ್ಕಿ, ಕಾಯಿತುರಿ, ಬೆಲ್ಲ ಕಲಸಿ ಮಲೀದಾ ಮಾಡುತ್ತಿದ್ದಳು. ಅದು ಮಾತ್ರ ನಮ್ಮ ಪಂಚಕಜ್ಜಾಯದ ಅಕ್ಕನ ಹಾಗಿತ್ತು, ನಾವು ಮಕ್ಕಳು ತಟ್ಟೆ ನೆಕ್ಕುತ್ತಿದ್ದೆವು. ಬಾಗಿಲಿನ ಬಲಗಡೆ ಕಲ್ಲಿನ ದಾರಂದದಲ್ಲಿ ಒಂದು ಸಣ್ಣ ಗೂಡು ಕೊರೆದು ಹಿತ್ತಾಳೆಯ ಕೊಳವೆಯೊಂದನ್ನು ಕೂರಿಸಿದ್ದರು. ಅದರೊಳಗೆ ಚರ್ಮದ ಮೇಲೆ ಬರೆದ ದೇವರ ಮಾತು ಇದೆ ಎಂದು ಮಾವಶಿ ಹೇಳಿದ್ದಳು. ಗೂಡು ಮನೆಯಷ್ಟು ಹಳೆಯದಲ್ಲ, ಆಮೇಲೆ ಕೊರೆದದ್ದು ಎಂದು ಆ ಧಾರವಾಡದ ಮೇಷ್ಟ್ರು ಹೇಳಿದಾಗ ಅವಳಿಗೆ ಸಿಟ್ಟು ಬಂದಿತ್ತು.

ಹಿತ್ತಿಲಿನಲ್ಲಿ ಗುಡ್ಡದ ಬುಡಕ್ಕೆ ತಾಗಿ ಮೋಟು ಗೋಡೆಯ ಒಂದು ಜಾಗವಿದೆ. ಅಲ್ಲಿ ಅವರ ಮನೆತನದ ಗೋರಿಗಳು. ಮಾವಶಿಯ ಅಣ್ಣ ತೀರಿಕೊಂಡಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಮುಂಬಯಿಯಿಂದ ಬಸ್ಸಿನಲ್ಲಿ ಆರು ಜನ ಗಂಡಸರು, ಇಬ್ಬರು ಹೆಂಗಸರು ಬಂದರು. ಪ್ರಾರ್ಥನೆಗೆ ಹತ್ತು ಗಂಡಸರು ಬೇಕಂತೆ. ಆರಾದ ಮೇಲೆ ಲೆಕ್ಕ ಮುಂದೆ ಹೋಗಲಿಲ್ಲ. ಅಪ್ಪ ಲುಂಗಿ ಬಿಟ್ಟು ಪಂಚೆ ಉಟ್ಟುಕೊಂಡು, ಬಂದರದ ಇನ್ನೂ ಮೂವರನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಿಂತ. ಮುಂಬಯಿಯವರಲ್ಲಿ ಹಿರಿಯರೊಬ್ಬರು ಅಪ್ಪನ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನೀವು ಲೆಕ್ಕಕ್ಕೆ ಬರುವುದಿಲ್ಲ ಎಂದರು. “ಹೊರೂಕೆ ಆಗ್ತದೆ, ಲೆಕ್ಕಕ್ಕಾಗಲ್ಲ, ಹಾಂ?” ಎಂದು ಅಪ್ಪ ತಿಂಗಳುಗಟ್ಟಲೆ ಗೊಣಗಿದ. ಆದರೆ ಗುಂಡಿ ತೋಡಿದವನು ಅವನೇ.

ಹೆಣ ಹೂಳುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಪೆಟ್ಟಿಗೆ ಇಲ್ಲ, ಹೂವಿಲ್ಲ. ತೊಳೆದು, ಜೇಬೂ ಗುಂಡಿಯೂ ಇಲ್ಲದ ಬಿಳಿಬಟ್ಟೆ ತೊಡಿಸಿ, ಬರೀ ಮಣ್ಣಿನಲ್ಲಿ ಮಲಗಿಸುತ್ತಾರೆ. ದೇವರೂರಿನಿಂದ ತಂದಿಟ್ಟ ಒಂದು ಚಿಟಿಕೆ ಮಣ್ಣನ್ನು ಕಣ್ಣಿನ ಮೇಲೆ ಹಾಕುತ್ತಾರೆ. ಎಲ್ಲ ಮುಗಿದ ಮೇಲೆ ಮಾವಶಿ ಅಣ್ಣನ ಪಕ್ಕದ ಜಾಗವನ್ನು ಕಾಲಿನಿಂದ ಗೀಚಿ ಅಮ್ಮನಿಗೆ ತೋರಿಸಿದಳು. “ಇದು ನಂದು. ನನ್ನ ಸುಡಬೇಡಿ ಹಾಂ. ಸುಟ್ರೆ ಎದ್ದು ಬರೂಕೆ ಮೈ ಬೇಕಲ್ಲ?” ಅವರ ನಂಬಿಕೆಯಲ್ಲಿ ಕಡೆಯ ಒಂದು ದಿನ ಸತ್ತವರೆಲ್ಲ ಎದ್ದು ಬರುತ್ತಾರೆ.

ಅದಾದ ಮೇಲೆ ಈ ಮಾತನ್ನು ಅವಳು ಬಿಡಲೇ ಇಲ್ಲ. ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದಳು. ತನ್ನ ಬಿಳಿಬಟ್ಟೆಯನ್ನು ತಾನೇ ಕೈಯಲ್ಲಿ ಹೊಲಿದುಕೊಂಡಳು. ದೇವರೂರಿನ ಮಣ್ಣಿನ ಪೊಟ್ಟಣವನ್ನೂ ಅದರೊಳಗೇ ಸುತ್ತಿ ಟ್ರಂಕಿನಲ್ಲಿ ಇಟ್ಟಳು. ಅಪ್ಪ ಹೋದ, ಅಮ್ಮನೂ ಹೋದಳು. ನಾನು ಅಂಕೋಲೆಗೆ ಮದುವೆಯಾಗಿ ಹೋಗಿ ಮೂರೇ ವರ್ಷಕ್ಕೆ ವಾಪಸು ಬಂದೆ. ಆ ಕಥೆ ಇಲ್ಲಿ ಬೇಡ. ಬಂದವಳಿಗೆ ಅದೇ ಗಾಣದ ಕೋಣೆ, ಅದೇ ಶನಿವಾರ. ಮಾವಶಿ ಒಂದು ಮಾತು ಹಂಗಿಸಲಿಲ್ಲ. ಬಾಗಿಲಲ್ಲಿ ನಿಂತು, “ಚಲೋ ಆತು, ನನ್ನ ಹೂಳೂಕೆ ಒಬ್ಬಳು ಬಂದಳು,” ಎಂದಳು. ನನಗೆ ಅಳುವ ಹೊತ್ತಿನಲ್ಲಿ ನಗು ಬಂತು.

“ನಾನೇ ಹೂಳ್ತೆ ನಿಮ್ಮ. ಸಾಯಿರಿ ಮೊದಲು,” ಎಂದೆ.

“ಆಣೆ?”

“ಆಣೆ.”

ಹೊಟ್ಟೆಪಾಡಿಗೆ ನಾನು ತಾಲೂಕು ಕಚೇರಿಯ ಹೊರಗೆ ಕೂತು ಅರ್ಜಿ ಬರೆದುಕೊಡುತ್ತೇನೆ. ಪಿಂಚಣಿ, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ. ಹಿಲ್ಲೂರು, ರಾಮನಗುಳಿಯಿಂದ ಮಗಳ ಮನೆಗೋ ಮಗನ ಮನೆಗೋ ಎಂದು ಇಲ್ಲಿಗೆ ಬಂದು ನಿಂತ ಮುದುಕರೆಲ್ಲ ನನ್ನ ಹತ್ತಿರವೇ ಬರುತ್ತಾರೆ. ಈ ಕೆಲಸದಲ್ಲಿ ಒಂದೇ ಮಂತ್ರ: ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಒಳಗಿನವರು ಅರ್ಜಿಯನ್ನು ಮುಖಕ್ಕೆ ಎಸೆಯುತ್ತಾರೆ, ಬಡವರು ಮತ್ತೆ ಬಸ್ಸು ಹತ್ತಬೇಕು. ಹಾಗಾಗಿ ಎದುರಿಗೆ ಕೂತವರು ತಡವರಿಸಿದರೆ ನಾನೇ ಏನೋ ಒಂದು ತುಂಬಿಬಿಡುತ್ತೇನೆ. ಹುಟ್ಟಿದ ತಾರೀಕು ಗೊತ್ತಿಲ್ಲವೇ? ಜೂನ್ ಒಂದು. ಕಸುಬು? ಕೂಲಿ. ಇಷ್ಟು ವರ್ಷದಲ್ಲಿ ಯಾರಿಗೂ ಅದರಿಂದ ಕೆಡುಕಾಗಿರಲಿಲ್ಲ. ನನಗೆ ಅದರ ಮೇಲೆ ಸ್ವಲ್ಪ ಜಂಬವೂ ಇತ್ತು.

ಕೊರೊನಾದ ಎರಡನೆಯ ವರ್ಷ ಮಾವಶಿಗೆ ಜ್ವರ ಬಂತು. ಮೂರನೆಯ ದಿನ ಉಸಿರು ಎಳೆಯಲು ಶುರುವಾಯಿತು. ಆಂಬುಲೆನ್ಸು ಓಣಿಯೊಳಗೆ ಬರುವುದಿಲ್ಲ. ಆಚೆಮನೆಯವರು ಕಿಟಕಿ ಹಾಕಿಕೊಂಡರು. ಅವಳನ್ನು ನಾನೇ ಬೆನ್ನಿಗೆ ಹಾಕಿಕೊಂಡು ರಸ್ತೆಯವರೆಗೆ ನಡೆದೆ. ಹಗುರ ಇದ್ದಳು, ಒಣ ಸೋಗೆಯಷ್ಟೇ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಅದೇ ಮಾತು. “ಆಣೆ ಮಾಡಿದ್ಯೆ ಹಾಂ.” “ಸುಮ್ಮನಿರಿ ಮಾರಾಯ್ತಿ, ಉಸಿರು ಉಳಿಸ್ಕಳಿ,” ಎಂದು ಗದರಿದೆ.

ಆಸ್ಪತ್ರೆಯ ಬಾಗಿಲಲ್ಲಿ ಸಂತೆಯ ಹಾಗೆ ಜನ. ಒಳಗೆ ಒಂದು ಹಾಸಿಗೆ ಖಾಲಿಯಾಗಿದೆ ಎಂಬ ಸುದ್ದಿ ಬಂತು. ಹೇಗೆ ಖಾಲಿಯಾಯಿತು ಎಂದು ಯಾರೂ ಕೇಳಲಿಲ್ಲ. ಮೇಜಿನ ಹಿಂದೆ ಪ್ಲಾಸ್ಟಿಕ್ ಅಂಗಿ ತೊಟ್ಟ ಹುಡುಗಿಯೊಬ್ಬಳು ಫಾರ್ಮು ತುಂಬುತ್ತಿದ್ದಳು. ಕಣ್ಣು ಕೆಂಪಾಗಿತ್ತು, ನಿದ್ದೆ ಮಾಡದೆ ಎಷ್ಟು ದಿನವಾಗಿತ್ತೋ ಪಾಪ.

“ನಿಮಗೆ ಎಂತಾ ಆಗ್ಬೇಕು ಇವರು? ಸಂಬಂಧಿಕರಾದ್ರೆ ಮಾತ್ರ ಸಹಿ ಹಾಕಿ.”

“ಮಾವಶಿ. ನಾನು ಅವರ ಅಕ್ಕನ ಮಗಳು,” ಎಂದೆ.

“ಧರ್ಮ?”

“ಯೆಹೂದಿ.”

“ಹಂಗಂದ್ರೆ?” ಹುಡುಗಿ ತಲೆಯೆತ್ತಿದಳು. “ಕ್ರಿಶ್ಚನ್ನಾ? ಅಕ್ಕನ ಮಗಳು ಅಂತ್ರಿ, ನಿಮ್ಮದೂ ಅದೇಯಾ?”

ನನ್ನ ಹಣೆಯಲ್ಲಿ ಕುಂಕುಮ ಇತ್ತು. ಹಿಂದೆ ನಿಂತವನು, “ಅಕ್ಕಾ, ಬೇಗ ಹೇಳಿ, ನಮ್ಮಪ್ಪ ಸಾಯ್ತಾ ಇದ್ದಾರೆ,” ಎಂದು ಕೂಗಿದ. ಗಾಲಿಕುರ್ಚಿಯಲ್ಲಿ ಮಾವಶಿಯ ತುಟಿ ನೀಲಿಯಾಗಿತ್ತು. ಇವಳು ಯೆಹೂದಿ, ನಾನು ಇವಳ ಮನೆಯಲ್ಲಿ ಬಾಡಿಗೆ ಇಲ್ಲದೆ ಇರುವವಳು ಎಂದರೆ ಸಹಿ ಹಾಕುವವರು ಯಾರು? ಇಸ್ರೇಲಿನಿಂದ ಬರಬೇಕು. ಆ ಹಾಸಿಗೆ ಹಿಂದಿನವನ ಅಪ್ಪನಿಗೆ ಹೋಗುತ್ತದೆ. ನಾನು ಹುಡುಗಿಯ ಕೈಯಿಂದ ಫಾರ್ಮು ಕಿತ್ತುಕೊಂಡೆ. “ಕೊಡಿ ಇಲ್ಲಿ, ನಾನೇ ತುಂಬ್ತೆ, ನಂಗೆ ಅದೇ ಕೆಲಸ,” ಎಂದೆ. ಧರ್ಮದ ಎದುರು ಹಿಂದೂ ಎಂದು ಬರೆದೆ. ಜಾತಿಯ ಎದುರು ನಮ್ಮ ಜಾತಿ. ಸಂಬಂಧ, ಅಕ್ಕನ ಮಗಳು. ಒಂದು ನಿಮಿಷವೂ ಆಗಲಿಲ್ಲ.

ಮಾವಶಿ ನನ್ನ ಸೆರಗು ಎಳೆದಳು. “ಎಂತಾ ಬರ್ದೆ?”

“ನಮ್ಮವರು ಅಂತ ಬರ್ದೆ.”

ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. “ಬರೋಬರ್,” ಎಂದಳು. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಮೆಟ್ಟಿಲ ಮೇಲೆ ಕೂತು, ಗೆದ್ದೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅನ್ನಿಸಿತು.

ನಾಲ್ಕು ದಿನ ಗಂಜಿ ಕಳುಹಿಸಿದೆ. ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. ತೀರಿಹೋದರು, ದೇಹ ಮನೆಗೆ ಕೊಡುವುದಿಲ್ಲ, ನಿಮ್ಮ ಪದ್ಧತಿಯ ಹಾಗೇ ನಾವೇ ಮಾಡುತ್ತೇವೆ, ಬೇಕಿದ್ದರೆ ದೂರದಿಂದ ನೋಡಬಹುದು ಎಂದರು. ನಮ್ಮ ಪದ್ಧತಿ! ಚಪ್ಪಲಿಯೂ ಹಾಕದೆ ಓಡಿದೆ. ಸ್ಮಶಾನದ ಗೇಟಿನಲ್ಲಿ ವ್ಯಾನು ನಿಂತಿತ್ತು. ಉಸ್ತುವಾರಿಯ ಒಬ್ಬ ಮನುಷ್ಯ ಕಟ್ಟೆಯ ಮೇಲೆ ಕಾಗದ ಹಿಡಿದು ಕೂತಿದ್ದ.

“ಅವರನ್ನ ಸುಡೂಕಾಗ,” ಎಂದೆ. “ಹೂಳಬೇಕು. ಮನೆ ಹಿಂದೆ ಜಾಗ ಇದ್ದು.”

ಅವನು ಪಟ್ಟಿ ನೋಡಿದ. “ಹಿಂದೂ ಅಂತ ಬರ್ದದೆಯಲ್ಲ ಅಕ್ಕಾ. ನಿಮ್ಮಲ್ಲಿ ಸುಡೂದೇ ಅಲ್ದಾ?”

“ಅವರು ನಮ್ಮವರಲ್ಲ.”

“ಅಕ್ಕನ ಮಗಳು ಅಂತ ಸಹಿ ಉಂಟು. ಬೇರೆ ಏನಾದ್ರೂ ದಾಖಲೆ ಇದ್ರೆ ತನ್ನಿ. ನಾನು ಕಾಯ್ತೆ. ಮುಂದೆ ಮೂರು ಇದ್ದಾವೆ, ಇವರದ್ದು ಕೊನೆಗೆ ಇಡ್ತೆ.”

ಒಳ್ಳೆಯ ಮನುಷ್ಯ. ಅದನ್ನು ಹೇಳಲೇಬೇಕು, ಯಾಕೆಂದರೆ ಅವನನ್ನು ಬೈದುಕೊಂಡು ಹಗುರಾಗಲು ನಾನು ಬಹಳ ಪ್ರಯತ್ನ ಮಾಡಿದ್ದೇನೆ.

ಮನೆಗೆ ಓಡಿ ಬಂದೆ. ದಾಖಲೆ! ಆಧಾರ್ ಕಾರ್ಡಿನಲ್ಲಿ ಧರ್ಮ ಇಲ್ಲ. ರೇಷನ್ ಕಾರ್ಡನ್ನು ನಾನೇ ಮಾಡಿಸಿದ್ದು, ಅದರಲ್ಲೂ ‘ಕರ್’ ಹಚ್ಚಿದ ಅಡ್ಡಹೆಸರು ಬಿಟ್ಟರೆ ಏನಿಲ್ಲ. ಮನೆಯ ಹಳೆಯ ಕಾಗದಗಳನ್ನೆಲ್ಲ ಅಣ್ಣನ ಕಾಲದಲ್ಲೇ ಗೆದ್ದಲು ತಿಂದಿತ್ತು. ಅಷ್ಟು ದೊಡ್ಡ ಮನೆ, ಅಷ್ಟು ದಪ್ಪದ ಗೋಡೆ, ಮೇಷ್ಟ್ರುಗಳು ಬಂದು ಬೆರಳಿನಿಂದ ಬಡಿದು ನೋಡುವ ಕಲ್ಲು, ಅದರೊಳಗೆ ಅವಳು ಯಾರು ಎಂದು ಹೇಳುವ ಒಂದು ಚೂರು ಕಾಗದ ಇಲ್ಲ! ಗೋರಿಕಲ್ಲನ್ನು ಹೊತ್ತು ಒಯ್ಯಲೇ? ಕಡೆಗೆ ಬಾಗಿಲಿಗೆ ಬಂದು, ಕಾಯಿ ಒಡೆಯುವ ಕತ್ತಿಯ ತುದಿಯಿಂದ ದಾರಂದದ ಹಿತ್ತಾಳೆಯ ಕೊಳವೆಯನ್ನು ಎಬ್ಬಿಸಿದೆ. ಎಷ್ಟು ತಲೆಮಾರಿನ ಸುಣ್ಣ ಅದನ್ನು ಹಿಡಿದುಕೊಂಡಿತ್ತೋ, ಬರಲೊಲ್ಲದು. ಕಲ್ಲು ಚಕ್ಕೆಯೆದ್ದಿತು, ಬೆರಳು ಕೊಯ್ದಿತು. ಟ್ರಂಕಿನಿಂದ ಬಿಳಿಬಟ್ಟೆಯನ್ನೂ ಎಳೆದುಕೊಂಡು ಮತ್ತೆ ಓಡಿದೆ.

ಆ ಮನುಷ್ಯ ಕೊಳವೆಯೊಳಗಿನ ಚರ್ಮದ ಸುರುಳಿಯನ್ನು ಗ್ಲೌಸಿನ ಕೈಯಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದ. ಸಣ್ಣ ಸಣ್ಣ ಕಪ್ಪಕ್ಷರ, ಒಂದೂ ಮಾಸಿರಲಿಲ್ಲ.

“ಅರಬ್ಬಿಯಾ?”

“ಹೀಬ್ರೂ. ಅವರ ದೇವರ ಮಾತು.”

“ಎಂತಾ ಬರ್ದದೆ ಇದರಲ್ಲಿ?”

“ನಂಗೆ ಓದೂಕೆ ಬರೂದಿಲ್ಲ.”

“ನಂಗೂ ಬರೂದಿಲ್ಲ,” ಎಂದ. ನಗಲಿಲ್ಲ. ಸುರುಳಿಯನ್ನು ಜೋಪಾನವಾಗಿ ಮಡಿಸಿ ವಾಪಸು ಕೊಟ್ಟ. ಆಮೇಲೆ ಹೇಳಿದ: “ನೋಡಿ ಅಕ್ಕಾ. ಫಾರ್ಮಲ್ಲಿ ಬರ್ದದ್ದು ಸುಳ್ಳು ಅಂತ ನೀವು ಬರ್ದು ಕೊಟ್ರೆ ಸುಡೂದು ನಿಲ್ಲಸ್ತೆ. ಮೇಲಿನವರಿಗೆ ಫೋನ್ ಮಾಡ್ತೆ, ಅವರು ತಾಲೂಕು ಕಚೇರಿಗೆ ಹೇಳ್ತ್ರು. ಸುಳ್ಳು ಯಾರು ಬರ್ದದ್ದು, ಎಂತಕೆ ಬರ್ದದ್ದು ಅಂತ ಕೇಳ್ತ್ರು. ಕೇಸಾದ್ರೂ ಆಗ್ಬಹುದು. ನಿಲ್ಲಸ್ಲಾ?”

ಈ ಪ್ರಶ್ನೆಯನ್ನು ಅವನು ಎರಡು ಸಲ ಕೇಳಿದ. “ನಿಲ್ಲಸ್ಲಾ ಅಕ್ಕಾ?”

ತಾಲೂಕು ಕಚೇರಿ! ಆ ಕಚೇರಿಯ ನೆರಳಿನಲ್ಲೇ ನನ್ನ ಮೇಜು. ಸುಳ್ಳು ಬರೆದವಳು ಎಂದು ಒಮ್ಮೆ ಹೆಸರು ಬಂದರೆ ನಾಳೆ ಯಾರು ನನ್ನ ಕೈಯಲ್ಲಿ ಅರ್ಜಿ ಬರೆಸುತ್ತಾರೆ? ಅಲ್ಲಿಂದ ಎಬ್ಬಿಸಿದರೆ ಎಲ್ಲಿ ಕೂರಲಿ? ಇಷ್ಟು ವರ್ಷ ತುಂಬಿದ ಜೂನ್ ಒಂದುಗಳನ್ನೆಲ್ಲ ಕೆದಕಿದರೆ? ಹೇಗೂ ಸತ್ತಿದ್ದಾಳೆ, ಅವಳಿಗೆ ಗೊತ್ತಾಗುವುದಿಲ್ಲ ಎಂದು ನನ್ನ ತಲೆಯೊಳಗೆ ಯಾರೋ ಹೇಳಿದರು. ಯಾರೋ ಏನು, ನಾನೇ ಹೇಳಿಕೊಂಡೆ.

“ಬೇಡ,” ಎಂದೆ.

ಅವನು ಮತ್ತೆ ಕೇಳಲಿಲ್ಲ. ಹೊರಗಿನ ಗಾಳಿಮರದ ಕೆಳಗೆ ನಿಂತು ನೋಡಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಗೇ ಇಟ್ಟರು. ತೊಳೆಯಲಿಲ್ಲ, ಬಟ್ಟೆ ತೊಡಿಸಲಿಲ್ಲ. ಬಿಳಿಬಟ್ಟೆ ನನ್ನ ಕಂಕುಳಲ್ಲೇ ಇತ್ತು. ಸೌದೆ ಒದ್ದೆ ಇತ್ತು, ಸೀಮೆಎಣ್ಣೆ ಹಾಕಿದರು. ಹೊಗೆ ಮೊದಲು ನೇರ ಮೇಲಕ್ಕೆ ಹೋಗಿ ಆಮೇಲೆ ಸಮುದ್ರದ ಗಾಳಿಗೆ ಊರಿನ ಕಡೆಗೆ ತಿರುಗಿತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ.

ಮರುದಿನ ಮಡಕೆಯಲ್ಲಿ ಬೂದಿ ಕೊಟ್ಟರು. ಹಿತ್ತಿಲಿಗೆ ತಂದು, ಅವಳು ಕಾಲಿನಿಂದ ಗೀಚಿ ತೋರಿಸಿದ್ದ ಜಾಗದಲ್ಲಿ ನಾನೊಬ್ಬಳೇ ಗುಂಡಿ ತೋಡಿದೆ. ಒಂದು ಮಡಕೆಗೆ ಮೊಳದುದ್ದದ ಗುಂಡಿ ಸಾಕಿತ್ತು. ನಾನು ಆಳುದ್ದ ತೋಡಿದೆ, ಮಧ್ಯಾಹ್ನದವರೆಗೆ ತೋಡಿದೆ, ಕೈ ಬೊಕ್ಕೆ ಬಂದರೂ ಬಿಡಲಿಲ್ಲ. ಮಡಕೆಯನ್ನು ಬಿಳಿಬಟ್ಟೆಯಲ್ಲಿ ಸುತ್ತಿ ಇಳಿಸಿದೆ. ದೇವರೂರಿನ ಮಣ್ಣನ್ನು ಎಲ್ಲಿ ಹಾಕುವುದು ಎಂದು ತಿಳಿಯಲಿಲ್ಲ. ಬೂದಿಗೆ ಕಣ್ಣು ಎಲ್ಲಿರುತ್ತದೆ? ಮೇಲಿನಿಂದ ಸುಮ್ಮನೆ ಉದುರಿಸಿದೆ. ಆಮೇಲೆ ಮಣ್ಣು ಎಳೆದು, ನೋಡಿದವರಿಗೆ ಉದ್ದದ ಗೋರಿ ಎಂದು ಕಾಣುವ ಹಾಗೆ ದಿಬ್ಬ ಮಾಡಿದೆ. ಹಾಗೆ ಯಾಕೆ ಮಾಡಿದೆ ಎಂದು ಕೇಳಬೇಡಿ. ಮೋಸ ಮಾಡುವವರ ಕೈಗೆ ಎಲ್ಲ ತಾನಾಗಿ ತಿಳಿಯುತ್ತದೆ. ಕೊಳವೆಯನ್ನು ಸಿಮೆಂಟು ಹಚ್ಚಿ ದಾರಂದದಲ್ಲಿ ಮೊದಲಿನ ಹಾಗೆ ಕೂರಿಸಿದೆ.

ಸಂಜೆ ಇಸ್ರೇಲಿನಿಂದ ಫೋನು ಬಂತು. ಮಾವಶಿಯ ಅಕ್ಕನ ಮೊಮ್ಮಗಳು. ತಿಂಗಳಿಗೊಮ್ಮೆ ಮಾವಶಿಯ ಜೊತೆ ಮುರುಕು ಮರಾಠಿಯಲ್ಲಿ ಮಾತಾಡುತ್ತಿದ್ದವಳು. ಸುದ್ದಿ ಕೇಳಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: ಸುಟ್ಟುಬಿಟ್ಟರೇ? ಎಲ್ಲ ಕಡೆ ಸುಡುತ್ತಿದ್ದಾರಂತೆ, ಟೀವಿಯಲ್ಲಿ ನೋಡಿದೆ ಎಂದಳು. “ಇಲ್ಲ,” ಎಂದೆ. “ಹಿತ್ತಿಲಲ್ಲಿ, ಅಣ್ಣನ ಪಕ್ಕದಲ್ಲೇ.” ಆ ಕಡೆಯಿಂದ ಅವಳು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು.

ಕಳೆದ ಬೇಸಿಗೆಯ ಮೊದಲು ಅವಳು ಗಂಡನ ಜೊತೆ ಬಂದಳು. ನಲವತ್ತರ ಹೆಂಗಸು, ಮುಖ ಥೇಟ್ ಮಾವಶಿಯದೇ. ಮನೆಯನ್ನು ಮಾರುವ ಮಾತಿಗೇ ಬಂದದ್ದು. ಗೋವೆಯ ಯಾವುದೋ ಹೋಟೆಲಿನವರು ಕಲ್ಲಿನ ಮನೆಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ನಾನು ಸಾಮಾನು ಗಂಟು ಕಟ್ಟಿಟ್ಟಿದ್ದೆ. ಮಾಡಿದ್ದುಣ್ಣೋ ಮಾರಾಯ ಎಂದುಕೊಂಡು ತಯಾರಾಗಿದ್ದೆ. ನಿಜ ಹೇಳಬೇಕೆಂದರೆ, ಹೊರಗೆ ಹಾಕಿದರೆ ಸ್ವಲ್ಪ ಹಗುರಾದೀತು ಎಂಬ ಆಸೆಯೂ ಇತ್ತು.

ಅವಳು ಹಿತ್ತಿಲಿಗೆ ಹೋದಳು. ಅವರಲ್ಲಿ ಗೋರಿಗೆ ಹೂವಿಡುವುದಿಲ್ಲ, ಕಲ್ಲಿಡುತ್ತಾರೆ. ಕಡಲ ತೀರದಿಂದ ಹೆಕ್ಕಿ ತಂದಿದ್ದ ಬೆಣಚುಕಲ್ಲನ್ನು ದಿಬ್ಬದ ಮೇಲಿಟ್ಟು, ಪಕ್ಕದಲ್ಲೇ ಕೂತು ಮಣ್ಣಿಗೆ ಹಣೆ ಹಚ್ಚಿ ಬಹಳ ಹೊತ್ತು ಇದ್ದಳು. ಗಂಡ ಟೊಪ್ಪಿ ಹಾಕಿಕೊಂಡು ಏನೋ ಓದಿದ. ನಾನು ಮೋಟುಗೋಡೆಯ ಹೊರಗೆ ನಿಂತಿದ್ದೆ. ಅವಳು ಎದ್ದು ಬಂದು ಮರಾಠಿಯಲ್ಲಿ ಕೇಳಿದಳು: “ಆ ಸಮಯದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಅವಳನ್ನು ತೊಳೆದದ್ದು ಯಾರು?”

ಇಲ್ಲಿ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಅವಳ ಕಣ್ಣು ನೋಡಿದೆ.

“ನಾನೇ,” ಎಂದೆ.

“ತಲೆಯಿಂದ ಶುರು ಮಾಡಿ? ಬಲಗಡೆ ಮೊದಲು?”

“ಹೌದು. ಬೆಚ್ಚಗಿನ ನೀರಿನಲ್ಲಿ.”

ಅವಳು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಸತ್ತವರಿಗೆ ಮಾಡುವ ಉಪಕಾರವೇ ನಿಜವಾದದ್ದು, ಅವರು ತಿರುಗಿಸಿ ಕೊಡಲಾರರಲ್ಲ ಎಂದು ತಮ್ಮಲ್ಲಿ ಒಂದು ಮಾತಿದೆ ಎಂದಳು. ಗಂಡನ ಹತ್ತಿರ ಅವರ ಭಾಷೆಯಲ್ಲಿ ಏನೋ ಮಾತಾಡಿದಳು, ಅವನೂ ತಲೆಯಾಡಿಸಿದ. ಮನೆ ಮಾರುವುದಿಲ್ಲ ಎಂದರು. ಮಾವಶಿಗೆ ಮಣ್ಣು ಕೊಟ್ಟವಳು ಬದುಕಿರುವವರೆಗೆ ಇದು ಅವಳದೇ ಮನೆ, ಮೇಲಿನ ಕೋಣೆಗಳಿಗೇ ಹೋಗಿ ಇರಿ ಎಂದರು. ಕಾಗದ ಮಾಡಿಸಿಕೊಟ್ಟೇ ಹೋದರು. ಆ ಕಾಗದವನ್ನು ತುಂಬಿದ್ದೂ ನಾನೇ.

ನಾನು ಮೇಲೆ ಹೋಗಲಿಲ್ಲ, ಗಾಣದ ಕೋಣೆಯಲ್ಲೇ ಇದ್ದೇನೆ. ಅವಳು ಈಗಲೂ ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ, ಗೋರಿಯ ಫೋಟೋ ಕಳಿಸಿ ಎನ್ನುತ್ತಾಳೆ, ನಾನು ಹುಲ್ಲು ಕಿತ್ತು, ಕಸ ಗುಡಿಸಿ ಕಳಿಸುತ್ತೇನೆ. ಮರಾಠಿಯಲ್ಲಿ ಅವಳಿಗೆ ಒಂದು ಪತ್ರ ಬರೆಯಬೇಕೆಂದು ನಾಲ್ಕು ಸಲ ಕೂತಿದ್ದೇನೆ, ನಾಲ್ಕು ಸಲವೂ ಹರಿದಿದ್ದೇನೆ. ಅವಳಿಗೆ ಕನ್ನಡ ಬರುವುದಿಲ್ಲ. ಅದಕ್ಕೇ ಇದನ್ನೆಲ್ಲ ಕನ್ನಡದಲ್ಲಿ ಬರೆದೆ.